ಬೂದಿಗುಡ್ಡದ ನೀರಕ್ಕ

ನೀರಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದ್ದಿರಬೇಕು. ಅದನ್ನು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಈ ಕಥೆಯನ್ನೆಲ್ಲ ಹೇಳಿದಾಗಲೂ ನನಗೆ ಅವಳು ಅದನ್ನು ಹೇಳಲಿಲ್ಲ. ಕಾರ್ಖಾನೆ ನಡೆಯುತ್ತಿದ್ದಾಗ ಅವಳ ಕೆಲಸ ಬೂದಿಗೆ ನೀರು ಹಾಕುವುದು. ಬಾಯ್ಲರಿನಿಂದ ತೆಗೆದ ಬೂದಿಯನ್ನು ತಳ್ಳುಗಾಡಿಯಲ್ಲಿ ತಂದು ಹಿಂದಿನ ಬಯಲಿಗೆ ಸುರಿಯುತ್ತಿದ್ದರು. ಹಿಟ್ಟಿಗಿಂತ ನುಣುಪಾದ ಬೂದಿ. ಪಕ್ಕದಲ್ಲಿ ಯಾರಾದರೂ ಸೀನಿದರೂ ಎದ್ದುಬಿಡುತ್ತಿತ್ತು. ಬಯಲಿನ ಆಚೆಗೇ ಕಾರ್ಮಿಕರ ಸಾಲುಮನೆಗಳಿದ್ದುದರಿಂದ ಅದು ಏಳದಂತೆ ಯಾರಾದರೂ ಕಾಯಬೇಕಿತ್ತು.

ಬರೀ ನೀರು ಹಾಕಿದರೆ ಮಧ್ಯಾಹ್ನದೊಳಗೆ ಒಣಗಿ ಮತ್ತೆ ಹಾರುತ್ತದೆ. ಅದಕ್ಕೆ ಅಲ್ಲಿಯ ಹಳಬರು ಒಂದು ದಾರಿ ಕಂಡುಕೊಂಡಿದ್ದರು. ಪೀಪಾಯಿಯಲ್ಲಿ ಸುಣ್ಣ ಅರಳಿಸಿ, ಗಸಿ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಕಾಲಿನಿಂದ ತುಳಿಯುವ ಪಂಪಿಗೆ ಹಾಕಿ, ಪೈಪಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಇಬ್ಬನಿಯಂತೆ ಹಾಯಿಸುವುದು. ಜೋರಾಗಿ ಬಿಟ್ಟರೆ ಕಾಲುವೆ ಕೊರೆಯುತ್ತದೆ. ಹದವಾಗಿ ಬಿಟ್ಟರೆ ಬೂದಿ ಸುಣ್ಣವನ್ನು ಕುಡಿದು ಕೆಲವು ದಿನಗಳಲ್ಲಿ ನೆಲದಂತೆ ಕಟ್ಟಿಕೊಳ್ಳುತ್ತದೆ. ಮೇಲೆ ನಡೆದರೂ ಹೆಜ್ಜೆ ಮೂಡುವುದಿಲ್ಲ. ಆ ಹದ ನೀರಕ್ಕನ ಕೈಗೆ ಬಂದಷ್ಟು ಬೇರೆ ಯಾರಿಗೂ ಬಂದಿರಲಿಲ್ಲ. ಅವಳ ಬಲಗೈ ಹೆಬ್ಬೆರಳು ಇವತ್ತಿಗೂ ಸೊಟ್ಟಗಿದೆ.

ಅವಳ ಗಂಡ ಬಾಯ್ಲರಿನಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದವನು. ಸಾಲುಮನೆಗಳಲ್ಲಿ ಅವನು ಎಲ್ಲರಿಗೂ ಬಾಯ್ಲರ್ ಮಾವ. ತಮಾಷೆಯ ಮನುಷ್ಯ. "ಬೇರೆಯವರ ಹೆಂಡತೀರು ಗಿಡಕ್ಕೆ ನೀರು ಹಾಕ್ತಾರೆ, ನನ್ನವಳು ಬೂದಿಗೆ ಹಾಕ್ತಾಳೆ. ಚಿಗುರಿದ ದಿನ ಹೇಳಿ ಕಳಿಸ್ತೀನಿ, ಬಂದು ನೋಡ್ಕೊಂಡು ಹೋಗಿ" ಎಂದು ಬೀದಿಯಲ್ಲಿ ನಿಂತು ಹೇಳುತ್ತಿದ್ದ.

ಕಾರ್ಖಾನೆ ಮುಚ್ಚಿತು. ಯಂತ್ರಗಳು ಹೋದವು, ಕಿಟಕಿಯ ಸರಳುಗಳೂ ಹೋದವು, ಬೂದಿಗುಡ್ಡ ಮಾತ್ರ ಉಳಿಯಿತು. ನೀರು ಹಾಕುವವರಿಲ್ಲದೆ ಹಳೆಯ ಹೊದಿಕೆ ಬಿರಿದು, ಬೂದಿ ಮತ್ತೆ ಪುಡಿಯಾಯಿತು. ಗಾಳಿಯ ತಿಂಗಳುಗಳಲ್ಲಿ ಸಾಲುಮನೆಗಳಲ್ಲಿ ತಟ್ಟೆಯನ್ನು ಬೋರಲು ಹಾಕಿಡಬೇಕಾಗಿತ್ತು. ಮಕ್ಕಳು ಮಂಚದ ಹಲಗೆಯ ಮೇಲೆ ಬೆರಳಿನಿಂದ ಅಕ್ಷರ ಬರೆದು ಕಲಿತರು. ಬಾಯ್ಲರ್ ಮಾವನ ಎದೆಯೊಳಗೆ ಬೆಂಕಿಯ ಮುಂದೆ ಕಳೆದ ವರ್ಷಗಳು ಮೊದಲೇ ಕೂತಿದ್ದವು. ಈಗ ಈ ಬೂದಿಯೂ ಸೇರಿತು. ಅವನು ಹಾಸಿಗೆ ಹಿಡಿದ. ಮಲಗಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿದ್ದುದರಿಂದ ಗೋಡೆಗೆ ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದ. ನೀರಕ್ಕ ಕಿಟಕಿಗೆ ಹಳೆಯ ಸೀರೆಯನ್ನು ಒದ್ದೆ ಮಾಡಿ ಕಟ್ಟುತ್ತಿದ್ದಳು. ಸಂಜೆ ಬಿಚ್ಚಿ ಹಿಂಡಿದರೆ ಕಪ್ಪು ನೀರು ಬರುತ್ತಿತ್ತು.

ಡಾಕ್ಟರು ಸುತ್ತಿ ಬಳಸಿ ಹೇಳುವವರಲ್ಲ. "ಔಷಧಿ ನಾನು ಕೊಡಬಹುದಮ್ಮಾ, ಗಾಳಿ ನಾನು ಕೊಡೋಕಾಗಲ್ಲ. ಆ ಬೂದಿ ಹೋದರೆ ಇನ್ನೂ ಕೆಲವು ವರ್ಷ ಇರ್ತಾರೆ. ಇಲ್ಲಾಂದ್ರೆ ಇಲ್ಲ" ಎಂದರು. ಆಮೇಲೆ ನೀರಕ್ಕ ದೇವರ ಮುಂದೆ ನಿಂತಾಗ ಬೇರೇನನ್ನೂ ಕೇಳಲಿಲ್ಲ. ಬೂದಿ ಹೋಗಲಿ ಎಂದಷ್ಟೇ ಕೇಳಿದಳು.

ಸಾಲುಮನೆಯವರು ಓಡಾಡಿ, ಅರ್ಜಿ ಕೊಟ್ಟು, ಬೈಸಿಕೊಂಡು, ಕೊನೆಗೆ ಬೂದಿ ಸಾಗಿಸಬೇಕೆಂದು ಕಂಪನಿಗೆ ಆದೇಶ ಕೊಡಿಸಿದರು. ಅದರಲ್ಲಿ ಮುಂದೆ ನಿಂತವಳು ನೀರಕ್ಕನ ತಂಗಿ. ಒಂದೇ ಗೋಡೆಯ ಆಚೆ ಅವಳ ಮನೆ. ಅವಳ ಮೊಮ್ಮಗಳಿಗೂ ಕೆಮ್ಮು ಬಿಡುತ್ತಿರಲಿಲ್ಲ. ಇನ್ನೇನು ಲಾರಿ ಬರಬೇಕು ಎನ್ನುವಾಗ ಜಾಗ ಖಾಲಿ ಮಾಡುವ ಮುಂಚೆ ಅಲ್ಲಿ ಏನೇನು ಜೀವಿಗಳಿವೆ ಎಂದು ನೋಡಬೇಕು, ಅದು ನಿಯಮ ಎಂದರು ಸರ್ಕಾರದವರು. ನೋಡಲು ಒಬ್ಬಳು ಹೆಂಗಸು ಬಂದಳು. ಅಗಲ ಅಂಚಿನ ಟೊಪ್ಪಿಗೆ, ಬಲೆ, ಬೆನ್ನಿಗೊಂದು ಚೀಲ. ಮೊದಲ ದಿನವೇ ಬೀದಿ ಅವಳಿಗೆ ಹುಳದಮ್ಮ ಎಂದು ಹೆಸರಿಟ್ಟಿತು.

ಹುಳದಮ್ಮ ಬಯಲಿನಲ್ಲಿ ಹಳದಿ, ನೀಲಿ, ಬಿಳಿ ಬಟ್ಟಲುಗಳನ್ನು ಸಾಲಾಗಿ ಇಟ್ಟು ಸೋಪಿನ ನೀರು ತುಂಬಿಸುತ್ತಿದ್ದಳು. ಬಣ್ಣವನ್ನು ಹೂವೆಂದು ತಿಳಿದು ಇಳಿದ ಹುಳಗಳು ಮುಳುಗುತ್ತಿದ್ದವು. ನೆಲದ ಮಟ್ಟಕ್ಕೆ ಹೂತ ಲೋಟಗಳಿಗೆ ತೆವಳುವವು ಬೀಳುತ್ತಿದ್ದವು. ಅವನ್ನೆಲ್ಲ ಸೋಸಿ, ಒಣಗಿಸಿ, ಸೂಜಿಗೆ ಚುಚ್ಚಿ ಜಾತಿ ಗುರುತಿಸುವುದು ಅವಳ ಕೆಲಸ. ಬಟ್ಟಲು ತೊಳೆಯಲು, ನೀರು ಹೊರಲು ಅವಳಿಗೆ ಒಬ್ಬ ಆಳು ಬೇಕಾಗಿತ್ತು. ನೀರು ಎಂದ ಮೇಲೆ ಎಲ್ಲರೂ ನೀರಕ್ಕನ ಮನೆ ತೋರಿಸಿದರು.

"ಹುಳಕ್ಕೆ ಊಟ ಬಡಿಸ್ತಿದ್ದೀಯಂತೆ" ಎಂದು ಮಾವ ಹಾಸಿಗೆಯಿಂದಲೇ ಕೇಳಿದ.

"ಊಟ ಅಲ್ಲ ಕಣ್ರೀ, ಸ್ನಾನ. ಒಳಗೆ ಹೋದದ್ದು ಎದ್ದು ಬರಲ್ಲ."

ಹುಳಗಳು ಸೋಪಿನ ನೀರಿನಲ್ಲಿ ಕಾಲು ಬಡಿಯುವುದನ್ನು ನೋಡಿ ನೀರಕ್ಕ ಒಮ್ಮೆ ಕೇಳಿಯೇ ಬಿಟ್ಟಳು: "ಉಳಿಸೋಕೆ ಬಂದಿದ್ದೀರಿ ಅಂತಾರೆ. ಮತ್ತೆ ಇದೇನು ಮೇಡಂ?"

"ಯಾರು ಇದ್ದಾರೆ ಅಂತ ಗೊತ್ತಾದರೆ ತಾನೇ ಉಳಿಸೋದು, ನೀರಕ್ಕಾ? ಕೆಲವು ಹೋಗ್ತಾವೆ. ಹೋದರೂ ಉಳಿದವು ಉಳೀತಾವೆ." ಹುಳದಮ್ಮ ಕೆಟ್ಟವಳಲ್ಲ. ಹೇಳುವಾಗ ಅವಳ ಮುಖದಲ್ಲಿ ನಗುವೂ ಇರಲಿಲ್ಲ.

ಗುಡ್ಡದ ಬಿಸಿಲು ಬೀಳುವ ಇಳಿಜಾರಿನಲ್ಲಿ ಅವಳು ಒಂದು ದಿನ ಮಂಡಿಯೂರಿದವಳು ಎಷ್ಟೋ ಹೊತ್ತು ಏಳಲಿಲ್ಲ. ಅಲ್ಲಿ ಬೂದಿಯ ತುಂಬ ಕಡ್ಡಿ ಚುಚ್ಚಿದಷ್ಟು ತೂತುಗಳಿದ್ದವು. ಒಂಟಿ ಜೇನು ಎಂದಳು. ಇವು ಹುಟ್ಟು ಕಟ್ಟುವುದಿಲ್ಲ, ಗುಂಪಾಗಿ ಇರುವುದಿಲ್ಲ. ಒಂದೊಂದು ಹೆಣ್ಣೂ ತಾನೇ ಬಿಲ ತೋಡಿ, ಹೂವಿನ ಪುಡಿಯನ್ನು ಉಂಡೆ ಮಾಡಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು, ಬಾಯಿ ಮುಚ್ಚಿ ಹೋಗಿ ಸಾಯುತ್ತದೆ. ಮರಿ ಒಳಗೇ ಬೆಳೆದು, ಮುಂದಿನ ಹೂವಿನ ಕಾಲಕ್ಕೆ ತಾನೇ ಅಗೆದುಕೊಂಡು ಹೊರಗೆ ಬರಬೇಕು. ಈ ಜಾತಿಗೆ ಒಣಗಿದ, ಸಡಿಲವಾದ, ಗಿಡ ಬೆಳೆಯದ ನೆಲವೇ ಬೇಕು. ಅಂಥ ನೆಲ ಸುತ್ತ ಎಲ್ಲೂ ಉಳಿದಿಲ್ಲವಾದ್ದರಿಂದ ಮುಗಿದೇಹೋಯಿತು ಎಂದುಕೊಂಡಿದ್ದರಂತೆ.

ನೀರಕ್ಕ ಮನೆಗೆ ಬಂದು ಹೇಳಿದಾಗ ಮಾವ ನಕ್ಕು, ನಕ್ಕಿದ್ದಕ್ಕೆ ಕೆಮ್ಮಿ, ಕಣ್ಣೊರೆಸಿಕೊಂಡು, "ಚಿಗುರಿತಲ್ಲೇ ನಿನ್ನ ಬೂದಿ!" ಎಂದ.

ಅದು ಅವನ ಕೊನೆಯ ಒಳ್ಳೆಯ ನಗು. ಮಾರನೆಯ ವಾರವೇ ಲಾರಿಗಳು ಬರುವುದಿಲ್ಲ ಎಂಬ ಸುದ್ದಿ ಬಂತು. ಗುಡ್ಡವನ್ನು ಮುಟ್ಟುವ ಹಾಗಿಲ್ಲ, ಸುತ್ತ ಬೇಲಿ ಹಾಕಬೇಕು. ಬೂದಿ ಹೊರಿಸುವ ಖರ್ಚು ತಪ್ಪಿತೆಂದು ಕಂಪನಿಯ ಮ್ಯಾನೇಜರು ಹುಳದಮ್ಮನಿಗೆ ಕೈ ಮುಗಿದನಂತೆ. ಬೇಲಿಯ ಮೇಲೆ ಒಂದು ಹಲಗೆ ಏರಿತು: ಒಳಗೆ ಕಾಲಿಡಬಾರದು, ಅಗೆಯಬಾರದು, ಬೆಂಕಿ ಹಾಕಬಾರದು, ವಿಷದ ಔಷಧ ಹೊಡೆಯಬಾರದು. ಕಾಯುವ ಕೆಲಸವನ್ನು ಹುಳದಮ್ಮ ನೀರಕ್ಕನಿಗೇ ಕೊಡಿಸಿದಳು. ಮನೆಯಲ್ಲಿ ಗಂಡನ ಔಷಧಿಗೆ ದುಡಿಯುವ ಕೈ ಬೇರೆ ಇರಲಿಲ್ಲ. ನೀರಕ್ಕ ಒಪ್ಪಿಕೊಂಡಳು. ಗಂಡನ ಎದೆಗೆ ಹೋಗುವ ಬೂದಿಯನ್ನೇ ಕಾದು, ಅದರಿಂದ ಬಂದ ಸಂಬಳದಲ್ಲಿ ಅವನ ಎದೆಗೆ ಔಷಧಿ ತರಬೇಕಾಯಿತು. ದೇವರ ಲೆಕ್ಕ ನಮಗೆ ತಿಳಿಯುವುದಿಲ್ಲ ಎನ್ನುತ್ತೇವೆ. ಇದು ಮನುಷ್ಯರದೇ ಲೆಕ್ಕ, ಎಲ್ಲರಿಗೂ ತಿಳಿಯುವಂಥದೇ.

ಸಾಲುಮನೆಗಳು ಅವಳನ್ನು ಸುಮ್ಮನೆ ಬಿಡಲಿಲ್ಲ. ಅವಳು ನಲ್ಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವಳು ಕೊಡ ಇಟ್ಟರೆ ಸಾಲು ಮುಂದೆ ಸರಿಯುತ್ತಿತ್ತು, ಕೊಡ ಅಲ್ಲಿಯೇ ಇರುತ್ತಿತ್ತು. ಕಿಟಕಿಗೆ ಕಟ್ಟಿದ ಒದ್ದೆ ಸೀರೆಯನ್ನು ಯಾರೋ ಹರಿದು ಹಾಕಿದರು. ತಂಗಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು:

"ನಮ್ಮಕ್ಕನಿಗೆ ಮಕ್ಕಳಿಲ್ಲ ಅಂತ ಕೊರಗಿತ್ತು ನೋಡಿ, ಈಗ ಸಾವಿರಾರು. ಒಂದೊಂದು ತೂತಿಗೆ ಒಂದೊಂದು."

"ಬಾಯಿ ಬಿಗಿ ಹಿಡ್ಕೊಂಡು ಮಾತಾಡೇ" ಎಂದಳು ನೀರಕ್ಕ.

"ಬಾಯಿ ಬಿಟ್ಟರೆ ಬೂದಿ ತುಂಬುತ್ತೆ, ಬಿಗಿ ಹಿಡ್ಕೊಂಡೇ ಇದ್ದೀನಿ. ನಿನ್ನ ಮಕ್ಕಳಿಗೆ ಹೇಳು, ನನ್ನ ಮೊಮ್ಮಗಳ ಮೂಗಿಗೂ ಬಂದು ಗೂಡು ಕಟ್ಟಲಿ. ಅಲ್ಲೂ ಒಣ ಬೂದಿನೇ ಇದೆ."

ಮಗು ಕೆಮ್ಮುವುದು ಗೋಡೆಯಾಚೆಯಿಂದ ನೀರಕ್ಕನಿಗೂ ಕೇಳುತ್ತಿತ್ತು.

ಹೂವಿನ ಕಾಲ ಮುಗಿದು ಜೇನುಗಳ ಹಾರಾಟ ನಿಂತಿತು. ಹುಳದಮ್ಮ ಬಟ್ಟಲುಗಳನ್ನು ಕಟ್ಟಿಕೊಂಡು ಹೊರಟಳು. "ಮರಿಗಳು ಒಳಗೆ ಮಲಗಿವೆ, ಅವು ಹೊರಗೆ ಬರೋ ಹೊತ್ತಿಗೆ ನಾನೂ ಬರ್ತೀನಿ. ಮತ್ತೆ ಅಷ್ಟೇ ಬಂದರೆ ಈ ಜಾಗ ಶಾಶ್ವತವಾಗಿ ಉಳಿಯುತ್ತೆ. ಹಲಗೆಯಲ್ಲಿ ಬರೆದಿರೋದು ನೆನಪಿಟ್ಕೊಳ್ಳಿ, ನೀರಕ್ಕಾ" ಎಂದಳು. ನೀರಕ್ಕ ಹಲಗೆಯ ನಾಲ್ಕು ಮಾತನ್ನೂ ಬಾಯಿಪಾಠ ಹೇಳಿ ತೋರಿಸಿದಳು. ಅದರಲ್ಲಿ ನೀರಿನ ಮಾತು ಇರಲಿಲ್ಲ. ಬೂದಿಗೆ ಯಾರಾದರೂ ನೀರು ಹಾಕಿಯಾರು ಎಂದು ಅದನ್ನು ಬರೆಸಿದವರಿಗೆ ಹೊಳೆಯುವಂತೆಯೂ ಇರಲಿಲ್ಲ.

ಗಾಳಿಯ ತಿಂಗಳು ಬಂತು. ಆ ವರ್ಷದ ಗಾಳಿ ಬೇರೆಯದೇ. ಮಧ್ಯಾಹ್ನವೇ ದೀಪ ಹಾಕಬೇಕಾಯಿತು. ಮಾವನ ಉಗುರು ನೀಲಿಯಾಯಿತು. ಮಾತಾಡಲು ಉಸಿರು ಸಾಲದೆ ಅವನು ತಮಾಷೆಯನ್ನೂ ಬಿಟ್ಟ. ಒಂದು ಮಧ್ಯಾಹ್ನ ಅವಳ ಕೈಯನ್ನು ಹಿಡಿದು, ಸೊಟ್ಟ ಹೆಬ್ಬೆರಳನ್ನು ತನ್ನ ಹೆಬ್ಬೆರಳಿನಿಂದ ಒತ್ತಿ, ಕಿಟಕಿಯ ಕಡೆ ನೋಡಿದ. ಅಷ್ಟೇ.

ಮಾರನೆಯ ಬೆಳಗ್ಗೆ ನೀರಕ್ಕ ಸುಣ್ಣದಂಗಡಿಗೆ ಹೋದಳು. ಕಾರ್ಖಾನೆಯ ಬೀಗ ಹಾಕಿದ ಶೆಡ್ಡಿನಲ್ಲಿ ಹಳೆಯ ಪಂಪು ಇತ್ತು, ಬೀಗದ ಕೈ ಕಾವಲಿನವಳಾದ ಅವಳ ಬಳಿಯೇ ಇತ್ತು; ಅದರ ತೊಗಲಿನ ಬಿಲ್ಲೆಗೆ ಎಣ್ಣೆ ಹಚ್ಚಿ ನೆನೆಸಿದಳು. ಪೀಪಾಯಿ ತೊಳೆದು ಸುಣ್ಣ ಅರಳಿಸಿದಳು. ಜೇನುಗಳ ನೆನಪು ಅವಳಿಗೆ ಇರಲಿಲ್ಲವೆಂದಲ್ಲ. ಬಿಸಿಲಿನಲ್ಲಿ ಅವು ಬೀದಿ ನಲ್ಲಿಯ ಒಸರಿಗೆ ಬಂದು ನೀರು ಹೀರುತ್ತಿದ್ದುದನ್ನು ಅವಳು ನೋಡಿದ್ದಳು. ಮಳೆಗೆ ನೆಂದರೂ ಬದುಕುವ ಜೀವಕ್ಕೆ ಈ ತುಂತುರು ಯಾವ ಲೆಕ್ಕ, ಕಾದ ಬೂದಿಯಲ್ಲಿ ಮಲಗಿದ ಮರಿಗಳಿಗೂ ತಂಪಾಗುತ್ತದೆ ಎಂದುಕೊಂಡಳು. ಹಾಗೆಂದು ನನಗೆ ಹೇಳುವಾಗ ಅವಳು ನನ್ನ ಮುಖವನ್ನು ನೋಡಲಿಲ್ಲ. ಅವಳು ಬದುಕಿಡೀ ಕಟ್ಟಿದ ಬೂದಿಯೊಳಗೆ ಜೀವವಿರುವಂಥದ್ದು ಯಾವತ್ತೂ ಏನೂ ಇರಲಿಲ್ಲ. ಗಟ್ಟಿಯಾದ ಬೂದಿಗೂ ಒಂದು ಬಾಗಿಲು ಬೇಕಾಗಬಹುದು ಎಂಬ ಯೋಚನೆ ಅವಳಿಗೆ ಬರಲು ದಾರಿಯೇ ಇರಲಿಲ್ಲ.

ಹೆಜ್ಜೆ ಊರಿದರೆ ಬಿಲ ಕುಸಿದೀತೆಂದು ಬೇಲಿಯ ಹೊರಗೇ ನಿಂತು, ಒಂದು ಕಾಲಿನಲ್ಲಿ ಪಂಪು ತುಳಿಯುತ್ತ, ಇಳಿಜಾರಿನ ಮೇಲಿಂದ ಕೆಳಗೆ ಇಬ್ಬನಿ ಹಾಯಿಸಿದಳು. ಒಂದು ಕಾಲುವೆಯೂ ಕೊರೆಯಲಿಲ್ಲ. ವಾರದಲ್ಲಿ ಗುಡ್ಡ ಕಟ್ಟಿಕೊಂಡಿತು.

ಸಾಲುಮನೆಗಳಲ್ಲಿ ಜನ ತಟ್ಟೆಯನ್ನು ಮೇಲ್ಮುಖವಾಗಿ ಇಟ್ಟರು. ಮಾವ ದಿಂಬು ತೆಗೆಸಿ, ಬಹಳ ಕಾಲದ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿದ. ಎದ್ದು, "ಗೊರಕೆ ಹೊಡೆದೆನೇನೇ?" ಎಂದು ಕೇಳಿದ.

"ಗೋಡೆ ಬೀಳೋ ಹಾಗೆ" ಎಂದಳು ನೀರಕ್ಕ. ಆ ಬೆಳಗ್ಗೆ ಅವಳು ದೇವರ ಮುಂದೆ ಏನನ್ನೂ ಕೇಳದೆ ಸುಮ್ಮನೆ ನಿಂತಿದ್ದಳಂತೆ.

ನಲ್ಲಿಯಲ್ಲಿ ತಂಗಿ ಅವಳ ಕೊಡ ತಾನೇ ತುಂಬಿಸಿ ಕೊಟ್ಟಳು. "ಕೊನೆಗೂ ಒಡಹುಟ್ಟಿದವಳು ಅಂತ ತೋರಿಸಿದೆ ಬಿಡು ಅಕ್ಕಾ" ಎಂದಳು.

ಹೂವಿನ ಕಾಲಕ್ಕೆ ಹುಳದಮ್ಮ ಬಂದಳು. ಬೇಲಿಯ ಬಳಿ ನಿಂತು ನೋಡಿದಳು. ಬಾಗಿ ಗುಡ್ಡದ ಮೇಲೆ ಬೆರಳಿನಿಂದ ತಟ್ಟಿದಳು. ಟಕ್ ಟಕ್ ಎಂದಿತು. ಚೀಲದಿಂದ ಚಾಕು ತೆಗೆದು ಹೊದಿಕೆಯ ಒಂದು ಚಕ್ಕೆಯನ್ನು ಎಬ್ಬಿಸಿ ತಿರುಗಿಸಿದಳು. ಒಳಮೈಯಲ್ಲಿ ಜೇನುಗಳಿದ್ದವು. ರೆಕ್ಕೆ ಮೂಡಿ, ಪೂರ್ತಿ ಬೆಳೆದ ಜೇನುಗಳು. ಮೆತ್ತನೆಯ ಬೂದಿಯನ್ನೆಲ್ಲ ಅಗೆದುಕೊಂಡು ಮೇಲೆ ಬಂದು, ಸುಣ್ಣ ಕುಡಿದ ಭಾಗಕ್ಕೆ ತಲೆ ಆನಿಸಿ, ಅದನ್ನೂ ಒಂದಿಷ್ಟು ಕಚ್ಚಿ ಪುಡಿಮಾಡಿ, ಹಾಗೇ ಸತ್ತಿದ್ದವು. ಇನ್ನೊಂದು ಚಕ್ಕೆ ಎಬ್ಬಿಸಿದಳು. ಅಲ್ಲಿಯೂ ಹಾಗೇ. ಎಲ್ಲದರ ಮುಖವೂ ಮೇಲಕ್ಕೆ.

"ಯಾರು ಮಾಡಿದ್ದು ಇದನ್ನ?"

"ನಾನೇ ಮೇಡಂ. ಬೂದಿ ಏಳದೇ ಇರ್ಲಿ ಅಂತ..."

"ಏನು ಹಾಕಿದ್ರಿ?"

"ಸುಣ್ಣದ ತಿಳಿ. ವಿಷ ಅಲ್ಲ ಮೇಡಂ. ಬೇಕಾದ್ರೆ ನಾನೇ ಕುಡಿದು ತೋರಿಸ್ತೀನಿ."

ಹುಳದಮ್ಮ ಅಲ್ಲೇ ನೆಲದ ಮೇಲೆ ಕುಳಿತಳು. ಟೊಪ್ಪಿಗೆ ಬಿದ್ದದ್ದನ್ನು ಎತ್ತಿಕೊಳ್ಳಲಿಲ್ಲ. "ಬೇರೆ ಯಾರಾದರೂ ಮಾಡಿದ್ದರೆ ನನಗೆ ಇಷ್ಟು ಆಗ್ತಿರಲಿಲ್ಲ" ಎಂದಳು. "ಜನರ ಪರ ನಿಂತ್ರಿ, ನಿಲ್ಲಿ. ಆದರೆ ಗೊತ್ತಿರಲಿಲ್ಲ ಅಂತ ಮಾತ್ರ ನನ್ನ ಮುಂದೆ ಹೇಳಬೇಡಿ."

"ದೇವರಾಣೆಗೂ ಗೊತ್ತಿರಲಿಲ್ಲ ಮೇಡಂ."

"ನಿಮ್ಮ ದೇವರಿಗೆ ಹೇಳಿ ಅದನ್ನ."

ಕೆಲವು ಚಕ್ಕೆಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಅವಳು ಹೊರಟುಹೋದಳು. ಮತ್ತೆ ಬರಲಿಲ್ಲ.

ಸಂಜೆಯೊಳಗೆ ಸುದ್ದಿ ಹರಡಿತು. ಹುಳ ಸತ್ತ ಮೇಲೆ ಬೇಲಿಗೇನು ಕೆಲಸ, ಲಾರಿ ಬಂದೇ ಬರುತ್ತದೆ ಎಂದು ಸಾಲುಮನೆಯವರು ನೀರಕ್ಕನ ಮನೆಯ ಮುಂದೆ ಸೇರಿದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಂಗಿ ನಿಂತಿದ್ದಳು. "ಹೊಟ್ಟೆಯೊಳಗೇ ಇಟ್ಕೊಂಡಿದ್ದಳಲ್ಲ ನಮ್ಮಕ್ಕ! ಸದ್ದಿಲ್ಲದೆ ಒಂದನ್ನೂ ಬಿಡದೆ ಮುಗಿಸಿದಳು."

"ನಾನು ಅದಕ್ಕೆ ಹಾಕಿದ್ದಲ್ಲ ಕಣೇ."

"ಸರಿ ಸರಿ, ನಮ್ಮ ಹತ್ತಿರ ಯಾಕೆ ಮುಚ್ಚಿಡ್ತೀಯ?" ಎಲ್ಲರೂ ನಕ್ಕರು. ಅವಳು ಬೇಕೆಂದೇ ಕೊಂದಳು ಎಂದು ಹುಳದಮ್ಮ ಬೈದಳು, ಅದನ್ನೇ ನಂಬಿ ಇವರು ಹೊಗಳಿದರು. ಅಲ್ಲವೆಂದು ತಿಳಿದಿದ್ದವನು ಒಳಗಿದ್ದ. ಅವನಿಗೆ ಹೊರಗೆ ಬಂದು ಹೇಳುವಷ್ಟು ಉಸಿರಿರಲಿಲ್ಲ.

ಜಾಗಕ್ಕೆ ಕೊಳ್ಳುವವರು ಮೊದಲೇ ತಯಾರಿದ್ದರಂತೆ, ಗೋದಾಮು ಕಟ್ಟುವವರು. ಈಗ ಕಂಪನಿಗೇ ಅವಸರ. ಅಗೆಯುವ ಯಂತ್ರ ಬಂದು ನೀರಕ್ಕ ಕಟ್ಟಿದ ಹೊದಿಕೆಯನ್ನು ಹಲಗೆ ಒಡೆದಂತೆ ಒಡೆಯಿತು. ಒಳಗೆ ಕಾರ್ಖಾನೆಯ ಅಷ್ಟೂ ವರ್ಷಗಳ ಬೂದಿ ಒಣಗಿ ಕೂತಿತ್ತು. ಅದು ಒಟ್ಟಿಗೇ ಎದ್ದಿತು. ಮೊದಲ ದಿನವೇ ಬೀದಿಯ ಈ ಬದಿಗೆ ಆ ಬದಿ ಕಾಣದಾಯಿತು.

ನೀರಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಲಾರಿ ಮೇಸ್ತ್ರಿಯ ಬಳಿಗೆ ಓಡಿದಳು. "ನೀರು ಹಾಕಿ ಅಗೆಯಪ್ಪಾ. ಪಂಪು ಇದೆ, ನಾನೇ ತುಳೀತೀನಿ, ಕೂಲಿ ಬೇಡ."

"ಒದ್ದೆ ಬೂದಿ ಎಷ್ಟು ಭಾರ ಗೊತ್ತೇನಮ್ಮಾ? ಲಾರಿಯ ಅಚ್ಚು ಮುರಿಯುತ್ತೆ."

"ಮನೇಲಿ ಉಸಿರಿನ ಕಾಯಿಲೆಯವರು ಇದ್ದಾರೆ."

"ಬೂದಿ ಬೇಡ ಅಂತ ಅರ್ಜಿ ಕೊಟ್ಟವರು ನೀವೇ. ಹುಳ ಸಾಯಿಸಿ ದಾರಿ ಬಿಡಿಸಿದವಳು ನೀನೇ. ಈಗ ತಗೊಂಡು ಹೋಗ್ತಿದ್ರೆ ತಕರಾರೂ ನಿನ್ನದೇನಾ?" ಅವನು ಅವಳನ್ನು ಬೇಲಿಯ ಹೊರಗೆ ನಿಲ್ಲಿಸಿ, ಶೆಡ್ಡಿನ ಪಂಪನ್ನು ಹಳೆಯ ಕಬ್ಬಿಣದ ಜೊತೆ ಲಾರಿಗೆ ಎಸೆಸಿದ.

ಅವಳು ತಂಗಿಯ ಬಾಗಿಲು ತಟ್ಟಿದಳು. ತಂಗಿ ಮೊಮ್ಮಗಳನ್ನು ದೂರದ ನೆಂಟರ ಮನೆಗೆ ಕರೆದುಕೊಂಡು ಹೊರಡುವುದರಲ್ಲಿದ್ದಳು. ಬಾಡಿಗೆಯ ವ್ಯಾನು ಬಾಗಿಲಲ್ಲಿ ನಿಂತಿತ್ತು.

"ಇವರನ್ನೂ ಕೂರಿಸ್ಕೊಂಡು ಹೋಗೇ. ಹಿಂದೆ ಮಲಗಿಸಿದರೂ ಸಾಕು."

"ದಾರೀಲಿ ಏನಾದರೂ ಆದರೆ ನಾನು ಏನು ಮಾಡಲಿ ಅಕ್ಕಾ? ಮಗು ಹೆದರ್ಕೊಳ್ಳುತ್ತೆ. ಇನ್ನು ಸ್ವಲ್ಪ ದಿನ ತಾನೇ, ತಡ್ಕೊಳ್ಳಿ. ಆಮೇಲೆ ಜೀವನವೆಲ್ಲ ಒಳ್ಳೆ ಗಾಳಿ." ವ್ಯಾನು ಹೊರಟಿತು. ಹಿಂದಿನ ಸೀಟಿನಲ್ಲಿ ಬಟ್ಟೆಯ ಗಂಟುಗಳಿದ್ದವು.

ನೀರಕ್ಕ ಮನೆಯಲ್ಲಿದ್ದ ಸೀರೆಗಳನ್ನೆಲ್ಲ ಒದ್ದೆ ಮಾಡಿ ಕಿಟಕಿಗೆ, ಬಾಗಿಲಿಗೆ, ಕೊನೆಗೆ ಮಂಚದ ಸುತ್ತಲೂ ಕಟ್ಟಿದಳು. ಮಾವ ದಿಂಬಿಗೆ ಒರಗಿ ಬಾಯಿ ತೆರೆದು ಮೇಲಕ್ಕೆ ನೋಡುತ್ತ ಕೂತಿದ್ದ. ಗುಡ್ಡ ಅರ್ಧ ಕರಗುವ ಹೊತ್ತಿಗೆ, ಮಧ್ಯಾಹ್ನದ ಊಟಕ್ಕೆಂದು ಯಂತ್ರ ನಿಂತಿದ್ದಾಗ, ಅವನ ಉಸಿರೂ ನಿಂತಿತು. "ಮೇಲಕ್ಕೆತ್ತಿದ ಗಲ್ಲ ಇಳಿಸೋಕೆ ನೋಡಿದೆ, ಇಳೀಲಿಲ್ಲ. ಆ ಜೇನುಗಳ ಹಾಗೇ ಇದ್ದರು" ಎಂದು ನೀರಕ್ಕ ಹೇಳಿದಳು. ಹೇಳಿ ಎದ್ದು ಹೋಗಿ ಪಾತ್ರೆ ತೊಳೆದು ಬಂದಳು.

ಬೂದಿಯೆಲ್ಲ ಹೋದ ಮೇಲೆ ತಂಗಿ ಹಿಂದಿರುಗಿದಳು. ಮಗುವಿನ ಕೆಮ್ಮು ನಿಂತಿತ್ತು. ಅವಳು ಅಕ್ಕನ ಪಕ್ಕ ಕೂತು, ಅತ್ತು, ಮೂಗೊರೆಸಿಕೊಂಡು, "ಏನು ಮಾಡೋದಕ್ಕಾ. ಭಾವ ಒಬ್ಬರು ಹೋದರು. ಹೋದರೂ ಉಳಿದವರೆಲ್ಲ ಉಸಿರಾಡ್ತಿದ್ದೀವಲ್ಲ" ಎಂದಳು.

ನೀರಕ್ಕನಿಗೆ ಆ ಮಾತು ಎಲ್ಲಿಯೋ ಕೇಳಿದಂತೆ ಅನಿಸಿತು. ಹಳದಿ ಬಟ್ಟಲುಗಳು ನೆನಪಾದವು. ಅವಳು ಎದ್ದು ಬಾಗಿಲು ತೆರೆದು ನಿಂತಳು. ತಂಗಿ ಹೊರಗೆ ಹೋಗುವವರೆಗೂ ಹಾಗೇ ನಿಂತಿದ್ದಳು. ಒಂದೇ ಗೋಡೆಯ ಆಚೀಚೆ ಇದ್ದರೂ ಇಬ್ಬರಿಗೂ ಇವತ್ತಿಗೂ ಮಾತಿಲ್ಲ. ಬೇರೆಯವರು ಮಾತ್ರ ಸಾಲುಮನೆಗೆ ಹೊಸದಾಗಿ ಬಂದವರಿಗೆಲ್ಲ ಅವಳನ್ನು ತೋರಿಸಿ, ಹುಳ ಕೊಂದು ನಮ್ಮನ್ನು ಉಳಿಸಿದವಳು ಎಂದು ಅಭಿಮಾನದಿಂದ ಹೇಳುತ್ತಾರೆ. ಅವಳು ತಿದ್ದುವುದಿಲ್ಲ.

ಗುಡ್ಡವಿದ್ದಲ್ಲಿ ಈಗ ಗೋದಾಮು ಇದೆ. ಲಾರಿಗಳು ತಿರುಗುವ ಅಂಗಳ ಇನ್ನೂ ಮಣ್ಣಿನದು. ಧೂಳು ಏಳದಂತೆ ಅದಕ್ಕೆ ಬೆಳಗ್ಗೆ ಸಂಜೆ ನೀರು ಹಾಕಲು ನೀರಕ್ಕನನ್ನೇ ಇಟ್ಟುಕೊಂಡಿದ್ದಾರೆ. ಈಗ ಸುಣ್ಣವಿಲ್ಲ, ಬರೀ ನೀರು. ಗೋಡೆಯ ಬುಡದಲ್ಲಿ, ಬಿಸಿಲು ಬೀಳುವ ಕಡೆ, ಒಂದು ಚಾಪೆಯಷ್ಟು ಜಾಗಕ್ಕೆ ಅವಳು ನೀರು ತಾಗಿಸುತ್ತಿರಲಿಲ್ಲ. ಯಾರೂ ಹೇಳಿದ್ದಲ್ಲ. ಎರಡು ಹೂವಿನ ಕಾಲ ಕಳೆದರೂ ಅಲ್ಲಿಗೆ ಏನೂ ಬರಲಿಲ್ಲ. ಒಂದು ತೂತೂ ಕಾಣಲಿಲ್ಲ.

ಮೊನ್ನೆ ನಾನು ಅವಳನ್ನು ಕಾಣಲು ಹೋದಾಗ ಗೋದಾಮಿನ ಸೂಪರ್‌ವೈಸರು ಬಾಗಿಲಲ್ಲಿ ನಿಂತು ಕೂಗಿದ:

"ಅಜ್ಜೀ, ಆ ಮೂಲೆ ಯಾವಾಗಲೂ ಒಣಗೇ ಇರುತ್ತಲ್ಲ, ಕಣ್ಣು ಕಾಣಲ್ವಾ? ಅಲ್ಲಿಗೂ ಹಾಕಿ."

ನೀರಕ್ಕ ತುಸು ಹೊತ್ತು ಪೈಪು ಹಿಡಿದು ನಿಂತಿದ್ದಳು. ನೀರು ಅವಳ ಕಾಲಿನ ಮೇಲೆಯೇ ಸುರಿಯುತ್ತಿತ್ತು. ಆಮೇಲೆ ಹೆಬ್ಬೆರಳನ್ನು ಮೂತಿಗೆ ಒತ್ತಿ, ಗೋಡೆಯ ಬುಡಕ್ಕೆ ತಿರುಗಿಸಿದಳು.